ವಿನೋದಾಳ ಫೋನಿನ ರೋಗಿ

ದೂರು ಕೊಡಲು ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ.

ನವೆಂಬರ್ ಹನ್ನೊಂದು, ಮಂಗಳವಾರ, ಬೆಳಗಿನ ಹತ್ತೂವರೆ. ಡೊಂಬಿವಲಿ ಪೂರ್ವದ ಠಾಣೆಯಲ್ಲಿ ಸಹಾಯಕ ಪೊಲೀಸ್ ಇನ್‌ಸ್ಪೆಕ್ಟರ್ ಪ್ರಣೀತಾ ಸಾಲ್ಯಾನ್ ಒಂದು ಸರಗಳ್ಳತನದ ಕಡತವನ್ನು ಬದಿಗೆ ಸರಿಸಿ ಅವಳ ಮುಖ ನೋಡಿದಳು. ನಾಲ್ಕೈದು ದಿನದಿಂದ ಸರಿಯಾಗಿ ನಿದ್ದೆಯಿಲ್ಲದ ಮುಖ. ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಪ್ಲಾಸ್ಟಿಕ್ ಚೀಲ.

"ನೀವು ನಮ್ಮ ಕಡೆಯವರಂತೆ. ಹೊರಗೆ ಹವಾಲ್ದಾರ್ರು ಹೇಳಿದ್ರು. ಹಾಗಾಗಿ ಕನ್ನಡದಲ್ಲೇ ಹೇಳ್ತೇನೆ. ನನ್ನ ಅಪ್ಪನನ್ನು ಕೊಂದಿದ್ದಾರೆ."

"ಯಾರು?"

"ನನ್ನ ತಮ್ಮನ ಹೆಂಡತಿ. ವಿನೋದಾ."

ಬಂದವಳ ಹೆಸರು ಸುಗಂಧಿ, ಮನೆ ಐರೋಲಿಯಲ್ಲಿ. ತಂದೆ ಮುಂಡಪ್ಪ ಕೋಟ್ಯಾನ್ ಹಿಂದೆ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಇಡೀ ಡೊಂಬಿವಲಿಗೆ ಪರಿಚಿತನಾಗಿದ್ದ ಮನುಷ್ಯ. ಸಕ್ಕರೆ ಕಾಯಿಲೆಯಿಂದ ಅವನ ಮೂತ್ರಪಿಂಡಗಳು ಸೊರಗಿದ್ದವು. ಮೊಣಗಂಟು ನೋವಿಗೆಂದು ಸೊಸೆ ಕೊಟ್ಟ ಮಾತ್ರೆಯಿಂದ ಅವು ಪೂರ್ತಿ ಕೈಕೊಟ್ಟು, ಕಲ್ಯಾಣದ ಖಾಸಗಿ ಆಸ್ಪತ್ರೆಯಲ್ಲಿ ಶನಿವಾರ ತೀರಿಕೊಂಡಿದ್ದ. ಮರಣೋತ್ತರ ಪರೀಕ್ಷೆಯ ವರದಿಯೂ ಅದನ್ನೇ ಹೇಳುತ್ತಿತ್ತು.

"ಬೇಕೆಂದೇ ಕೊಟ್ಟರು ಅಂತ ಹೇಗೆ ಹೇಳ್ತೀರಿ?"

"ನೋವಿನ ಮಾತ್ರೆ ಅಪ್ಪನಿಗೆ ವಿಷ ಅಂತ ಅವಳಿಗೆ ಗೊತ್ತಿತ್ತು. ನಮ್ಮ ಡಾಕ್ಟರ್ರು ನೂರು ಸಲ ಹೇಳಿದ್ದಾರೆ. ಮತ್ತೆ, ಮೊನ್ನೆ ಒಂದು ಮೆಹಂದಿಯಲ್ಲಿ ಎಲ್ಲರೆದುರು ಹೇಳಿದ್ಲು, 'ನನಗೆ ಯಾವಾಗ ಬಿಡುಗಡೆಯೋ' ಅಂತ. ಸೇವೆ ಮಾಡಿ ಸಾಕಾಗಿತ್ತಂತೆ ಮಹಾರಾಣಿಗೆ."

ಪ್ರಣೀತಾ ಬರೆದುಕೊಂಡಳು. ತನ್ನ ಅಮ್ಮನ ಡಯಾಲಿಸಿಸ್ ನಡೆಯುತ್ತಿದ್ದ ದಿನಗಳಲ್ಲಿ ಅದೇ ಮಾತನ್ನು ತಾನೂ ಅಡುಗೆಮನೆಯ ಗೋಡೆಗೆ ಹೇಳಿದ್ದುಂಟು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ, ಅಷ್ಟೇ. ಎಫ್‌ಐಆರ್ ದಾಖಲಾಯಿತು: ನಿರ್ಲಕ್ಷ್ಯದಿಂದ ಸಾವು. ಶಂಕಿತಳ ಅಂಕಣದಲ್ಲಿ ವಿನೋದಾ ಮಯೂರ್ ಕೋಟ್ಯಾನ್ ಎಂಬ ಹೆಸರು.

ಸುಗಂಧಿ ಬಾಗಿಲಲ್ಲಿ ತಿರುಗಿ ನಿಂತಳು. "ಬೊಜ್ಜದ ದಿನ ಅವಳು ಆ ಮನೆಯಲ್ಲಿದ್ದರೆ ನಾನು ಮೆಟ್ಟಿಲು ಹತ್ತುವುದಿಲ್ಲ. ಮಯೂರನಿಗೂ ಹೇಳಿಯಾಗಿದೆ."

ಬೊಜ್ಜವೆಂದರೆ ಸತ್ತವರ ಹದಿಮೂರನೆಯ ದಿನದ ಕ್ರಿಯೆ. ಆ ದಿನ ಮನೆಯಲ್ಲಿ ಇಲ್ಲದ ಸೊಸೆಯ ಬಗ್ಗೆ ಊರು ಏನು ಹೇಳುತ್ತದೆಂದು ಪ್ರಣೀತಾಳಿಗೆ ಯಾರೂ ವಿವರಿಸಬೇಕಿರಲಿಲ್ಲ.

*

ಠಾಕುರ್ಲಿ ಕಡೆ ಮುಂಡಪ್ಪನ ಮನೆಯಿದ್ದ ವಸತಿ ಸೊಸೈಟಿಯಲ್ಲಿ ಲಿಫ್ಟ್ ಕೆಟ್ಟಿತ್ತು. ನಾಲ್ಕನೆಯ ಮಹಡಿ ತಲುಪುವ ಹೊತ್ತಿಗೆ ಹವಾಲ್ದಾರ್ ರಮಾಕಾಂತ ಭೋಯಿರ್ ಸೊಸೈಟಿಯ ಕಾರ್ಯದರ್ಶಿಯನ್ನೂ ಎದುರು ಫ್ಲ್ಯಾಟಿನವರನ್ನೂ ಪಂಚರಾಗಲು ಒಪ್ಪಿಸಿದ್ದ. ಹಾಲ್‌ನಲ್ಲಿ ಮುಂಡಪ್ಪನ ಫೋಟೋ, ಮುಂದೆ ದೀಪ. ಮಯೂರ್ ಸೋಫಾದ ತುದಿಯಲ್ಲಿ ಕುಳಿತಿದ್ದ. ವಿನೋದಾ ನಿಂತೇ ಇದ್ದಳು.

"ಮಾತ್ರೆ ಕೊಟ್ಟದ್ದು ಯಾರು?"

"ನಾನೇ."

"ಎಷ್ಟು ದಿನ?"

"ಐದು ದಿನ. ಬೆಳಿಗ್ಗೆ, ರಾತ್ರಿ."

"ಕೊಡಬಾರದು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಡಾಕ್ಟರ್ ಹತ್ರ ಕೇಳಿದ್ದು ಮೇಡಂ. ಅವರೇ ಕೊಡ್ಲಿಕ್ಕೆ ಹೇಳಿದ್ದು."

ಅವಳು ಫೋನ್ ತೆರೆದಳು. ರೋಗಿಗಳಿಗೂ ಕ್ಲಿನಿಕ್‌ಗಳಿಗೂ ನಂಟು ಕಲ್ಪಿಸುವ ಆ್ಯಪ್ ಅದು. ಕುಳಿತಲ್ಲಿಂದಲೇ ಡಾಕ್ಟರರಿಗೆ ಪ್ರಶ್ನೆ ಕಳಿಸಬಹುದು, ಉತ್ತರವೂ ಔಷಧಿ ಚೀಟಿಯೂ ಫೋನಿಗೇ ಬರುತ್ತವೆ. ಅಕ್ಟೋಬರ್ ಇಪ್ಪತ್ತೇಳರ ಮಧ್ಯಾಹ್ನ ವಿನೋದಾ ಬರೆದಿದ್ದಳು: 'ಡಾಕ್ಟರೇ, ಮೊಣಗಂಟು ನೋವು ವಿಪರೀತ. ನಿಲ್ಲಲಿಕ್ಕೂ ಆಗುವುದಿಲ್ಲ. ಏನು ಮಾಡುವುದು?' ಮೂರು ಗಂಟೆ ದಾಟುತ್ತಿದ್ದಂತೆ ಉತ್ತರ ಬಂದಿತ್ತು, ಇಂಗ್ಲಿಷಿನಲ್ಲಿ. ಮಾತ್ರೆಯ ಹೆಸರು, ದಿನಕ್ಕೆರಡು, ಊಟದ ನಂತರ. ಕೆಳಗೆ ಡಾ. ಹಯಗ್ರೀವ ಉಪಾಧ್ಯ ಎಂಬ ಹೆಸರು. ಚೀಟಿ ನೋಡಿ ಮೆಡಿಕಲ್‌ನವನು ಮಾತ್ರೆ ಕೊಟ್ಟಿದ್ದ.

"ನಿಮಗೇನೂ ಅನ್ನಿಸಲಿಲ್ಲವಾ?"

"ಒಂದು ಅನ್ನಿಸ್ತು." ವಿನೋದಾ ಫೋಟೋದ ಕಡೆ ನೋಡಿದಳು. "ಡಾಕ್ಟರ್ರು ಯಾವಾಗಲೂ ಕೊನೆಗೆ ಮಾವನಿಗೆ ಒಂದು ಬೈಗುಳ ಹಾಕ್ತಿದ್ರು. 'ಆ ಮುದುಕನಿಗೆ ಹೇಳಿ, ಬನ್ ಮಸ್ಕಾ ಬಿಟ್ಟರೆ ನೂರು ವರ್ಷ ಬದುಕ್ತಾನೆ' ಅಂತೆಲ್ಲ. ಮಾವ ಅದನ್ನೇ ನನ್ನ ಕೈಲಿ ಎರಡೆರಡು ಸಲ ಓದಿಸ್ತಿದ್ರು. ಈ ಸಲ ಬೈಗುಳವೇ ಇರ್ಲಿಲ್ಲ."

"ಮಾವ ಏನೆಂದರು?"

"'ಡಾಕ್ಟರ್‌ಗೂ ವಯಸ್ಸಾಯ್ತು ಮಾರಾಯ್ತಿ, ಬೈಲಿಕ್ಕೆ ಬೇಜಾರಾಗಿರ್ಬೇಕು' ಅಂದ್ರು. ಮಾತ್ರೆ ನುಂಗಿದ್ರು."

ಪ್ರಣೀತಾ ಮಯೂರನ ಕಡೆ ತಿರುಗಿದಳು. "ನೀವು?"

"ನಂಗೆಂತ ಗೊತ್ತುಂಟು ಮೇಡಂ? ಬೆಳಿಗ್ಗೆ ಏಳರ ಫಾಸ್ಟ್ ಟ್ರೈನ್ ಹಿಡಿದ್ರೆ ರಾತ್ರಿ ಮನೆಗೆ. ಮನೆಯದ್ದೆಲ್ಲ ಇವಳೇ."

ಇವಳೇ ಎಂಬ ಮಾತು ಹೊಗಳಿಕೆಯೂ ಆಗಬಹುದಿತ್ತು. ಅವನು ಹೇಳಿದ ರೀತಿಗೆ ವಿನೋದಾ ತಲೆ ತಗ್ಗಿಸಿದಳು. ಮಾತ್ರೆಯ ಖಾಲಿ ಪಟ್ಟಿ, ಚೀಟಿ, ಫೋನು ಪಂಚನಾಮೆಯಾಗಿ ಲಕೋಟೆ ಸೇರಿದವು. ಪೊಲೀಸರು ಇಳಿಯುವಾಗ ಅವಳು ಮೆಟ್ಟಿಲವರೆಗೆ ಬಂದಳು.

"ಇವರು ನನ್ನನ್ನು ತವರಿಗೆ ಹೋಗು ಅಂತಿದ್ದಾರೆ ಮೇಡಂ. ಈಗ ಹೋದ್ರೆ ಮತ್ತೆ ಬರ್ಲಿಕ್ಕೆ ಆಗ್ತದಾ?"

ಪ್ರಣೀತಾ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು.

*

ಡಾ. ಹಯಗ್ರೀವ ಉಪಾಧ್ಯರ ಕ್ಲಿನಿಕ್ ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಹಳೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಮರುದಿನ ಮಧ್ಯಾಹ್ನಕ್ಕೆ ಮುಂಚೆ ಹೋದಾಗ ಬೆಂಚು ತುಂಬಿ, ಇಬ್ಬರು ಹೊರಗೂ ನಿಂತಿದ್ದರು. ಒಳಗೆ ಬಿಳಿ ಕೂದಲಿನ ವೃದ್ಧರು ಒಂದು ಮಗುವಿನ ಹೊಟ್ಟೆ ಒತ್ತಿ ನೋಡುತ್ತಿದ್ದರು. ಬಲಗೈ ಸಣ್ಣಗೆ ನಡುಗುತ್ತಿತ್ತು.

"ಮುಂಡಪ್ಪನ ದಹನಕ್ಕೆ ಹೋಗಿದ್ದೆ," ಎಂದರು ಅವರು, ಮಗು ಹೊರಗೆ ಹೋದ ಮೇಲೆ. "ಒಳ್ಳೆಯ ಮನುಷ್ಯ. ಬಾಯಿ ಚಪಲ ಒಂದು ಬಿಟ್ಟರೆ."

"ಆ್ಯಪ್‌ನಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ ಯಾರು ಕೊಡುತ್ತಾರೆ ಡಾಕ್ಟರೇ?"

"ನಾನು ಹೇಳ್ತೇನೆ, ಹೊರಗಿನ ಹುಡುಗಿ ನಿಕಿತಾ ಒತ್ತುತ್ತಾಳೆ. ನನ್ನ ಬೆರಳಲ್ಲಿ ಒಂದಕ್ಷರ ಒತ್ತಿದ್ರೆ ಮೂರು ಬೀಳ್ತದೆ." ಅವರು ನಕ್ಕರು. "ನನ್ನ ಮಗ ತಂದು ಹಾಕಿದ್ದು ಅದು. ಬೇಡ ಅಂದಿದ್ದೆ. ಆದರೆ ನೋಡಿ, ಈಗ ಜನ ಮತ್ತೆ ಬರ್ತಿದ್ದಾರೆ."

ಪ್ರಣೀತಾ ಫೋನಿನ ಪರದೆಯ ಚಿತ್ರದ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟಳು. ರೋಗಿಯ ಹೆಸರನ್ನು ಬಿಟ್ಟು ಉತ್ತರವನ್ನು ಮಾತ್ರ ಅಚ್ಚು ಹಾಕಿಸಿದ್ದಳು. ಡಾಕ್ಟರು ಕನ್ನಡಕ ಏರಿಸಿ ಓದಿದರು, ಕೆಳಗಿನ ದಿನಾಂಕವನ್ನೂ ನೋಡಿದರು. ಅವರ ಮುಖದ ನಗು ಒಮ್ಮೆಲೇ ಹೋಯಿತು.

"ಇದು ನೀವು ಹೇಳಿದ್ದಾ?"

"ನೆನಪಿಲ್ಲ."

ಯಾರಿಗೆ ಕೊಟ್ಟ ಉತ್ತರವೆಂದು ಅವರು ಕೇಳಲಿಲ್ಲ. ಗೊತ್ತಿಲ್ಲದವರು ಮೊದಲು ಕೇಳುವ ಪ್ರಶ್ನೆ ಅದೇ. ಪ್ರಣೀತಾ ಕಾಗದವನ್ನು ಮಡಚಿಕೊಂಡಳು.

ಹೊರಗೆ ನಿಕಿತಾ ಟೋಕನ್ ಕೊಡುತ್ತಿದ್ದಳು. ಮಂಗಳೂರಿನ ತಂದೆತಾಯಿಗೆ ಇಲ್ಲೇ ಹುಟ್ಟಿದ ಹುಡುಗಿ. ಕನ್ನಡದಲ್ಲಿ ಕೇಳಿದರೆ ಹಿಂದಿ ಬೆರೆತ ಉತ್ತರ.

"ಮಧ್ಯಾಹ್ನ ಮೂರಕ್ಕೆ ಎಲ್ಲಿರ್ತೀಯ?"

"ಘರ್ ಪೇ, ಮ್ಯಾಡಮ್. ಗಣಪತಿ ಆದ್ಮೇಲೆ ನನ್ನದು ಹಾಫ್ ಡೇ. ಒಂದಕ್ಕೆ ಬಂದ್."

"ಕ್ಲಿನಿಕ್‌ನ ಟ್ಯಾಬ್?"

"ಡ್ರಾವರ್ ಮೇ. ಲಾಕ್."

"ಹಾಫ್ ಡೇ ಮಾಡಿದ್ದು ಡಾಕ್ಟರಾ?"

ಹುಡುಗಿ ಟೋಕನ್‌ಗಳನ್ನು ಜೋಡಿಸಿದಳು, ಮತ್ತೆ ಕೆಡಿಸಿ ಜೋಡಿಸಿದಳು. "ಕಶ್ಯಪ್ ಭಯ್ಯಾ ಹೇಳಿದ್ದು. ಡಾಕ್ಟರ್ ಅಂಕಲ್‌ನ ಮಗ. ಮಧ್ಯಾಹ್ನದ್ದು ಪಪ್ಪಾ ಮನೆಯಿಂದ ನೋಡ್ತಾರೆ ಅಂದ್ರು."

*

ಆ್ಯಪ್ ಕಂಪನಿಗೆ ಕಳಿಸಿದ ನೋಟಿಸಿಗೆ ಶುಕ್ರವಾರ ಉತ್ತರ ಬಂತು. ಆ ಸಂದೇಶ ಹೋದದ್ದು ಕ್ಲಿನಿಕ್‌ನ ಟ್ಯಾಬಿನಿಂದಲ್ಲ, ಒಂದು ಮೊಬೈಲಿನಿಂದ. ಆ ಹೊತ್ತಿಗೆ ಅದು ಐರೋಲಿಯ ಐಟಿ ಪಾರ್ಕಿನ ಕಚೇರಿಯೊಂದರ ವೈಫೈಯಲ್ಲಿತ್ತು. ಸಿಮ್ ಮಾತ್ರ ಡಾ. ಹಯಗ್ರೀವ ಉಪಾಧ್ಯರ ಹೆಸರಿನಲ್ಲೇ ಇತ್ತು.

"ಮಗ ಅದೇ ಪಾರ್ಕಿನಲ್ಲಿ ಕಾಮಾಲಾ ಆಹೇ, ಕೆಲಸಕ್ಕೆ, ಮೇಡಂ," ಎಂದ ರಮಾಕಾಂತ. ಕನ್ನಡದ ಅಧಿಕಾರಿಯ ಜೊತೆ ವರ್ಷಗಟ್ಟಲೆ ತಿರುಗಿ ಅವನ ಮಾತು ಹೀಗೆ ಅರ್ಧಂಬರ್ಧವಾಗಿತ್ತು. "ಆದರೆ ಡಾಕ್ಟರೇ ಆಗಲಿ ಮಗನೇ ಆಗಲಿ, ಕಿಡ್ನಿ ಹೋದ ಮುದುಕನಿಗೆ ಈ ಗೋಳಿ ಯಾಕೆ ಕೊಟ್ಟಾನು? ದುಶ್ಮನಿ ಏನಿತ್ತು?"

ಪ್ರಣೀತಾ ವಿನೋದಾಳ ಸಂದೇಶವನ್ನು ಮತ್ತೊಮ್ಮೆ ಓದಿದಳು. ಮುದುಕ ಎಲ್ಲಿದ್ದಾನೆ ಇದರಲ್ಲಿ?

"ರಮಾಕಾಂತ್, ನಿಮ್ಮ ಅಪ್ಪನ ಬಿಪಿ ಮಾತ್ರೆಗೆ ಯಾರ ಫೋನಿನಿಂದ ಕೇಳ್ತೀರಿ?"

"ಬಾಯ್ಕೋಚ್ಯಾ. ನನ್ನ ಹೆಂಡತಿಯದರಿಂದ. ಅಪ್ಪನಿಗೆ ಫೋನ್ ಎತ್ತಲಿಕ್ಕೇ ಬರಲ್ಲ. ಹೋದ ತಿಂಗಳು ಅವಳಿಗೆ ಮೆಸೇಜ್ ಬಂತು, ಪ್ರಾಸ್ಟೇಟ್ ತಪಾಸಣೆಗೆ ಹೊತ್ತಾಯ್ತು ಅಂತ. ಇಡೀ ಚಾಳ್ ನಕ್ಕಿತು."

ಪ್ರಣೀತಾ ನಗಲಿಲ್ಲ. ಕಂಪನಿ ಕಳಿಸಿದ ಕಾಗದಗಳಲ್ಲಿ ವಿನೋದಾಳ ಖಾತೆಯ ಪುಟ ಹುಡುಕಿ ತೆಗೆದಳು. ಸ್ತ್ರೀ, ಮೂವತ್ತೆಂಟು ವರ್ಷ. ಸಕ್ಕರೆ ಕಾಯಿಲೆ: ಇಲ್ಲ. ಮೂತ್ರಪಿಂಡದ ತೊಂದರೆ: ಇಲ್ಲ. ಸೇರುವಾಗ ವಿನೋದಾ ತನ್ನ ವಿವರವನ್ನೇ ಪ್ರಾಮಾಣಿಕವಾಗಿ ತುಂಬಿಸಿದ್ದಳು. ಆಮೇಲೆ ಆ ಫೋನಿನಿಂದ ಕೇಳಿದ್ದೆಲ್ಲ ಮಾವನಿಗಾಗಿ. ಹೆಸರು ಹಾಕಬೇಕೆಂದು ಅವಳಿಗೆ ಹೊಳೆದಿರಲಿಲ್ಲ; ತಮ್ಮ ಮನೆಯ ಡಾಕ್ಟರರಿಗೆ ಹೇಳಬೇಕೇ? ಹಳೆಯ ಸಂಭಾಷಣೆಗಳೆಲ್ಲ ಮುಗಿದ ಕೂಡಲೇ ಬೇರೆ ಪುಟಕ್ಕೆ ಹೋಗಿದ್ದವು. ಉತ್ತರ ಕೊಟ್ಟವನ ಕಣ್ಣೆದುರು ಇದ್ದದ್ದು ಆರೋಗ್ಯವಂತ ಹೆಂಗಸು ಮಾತ್ರ.

ಆ ಮನೆಯನ್ನು ಬಲ್ಲ ಡಾಕ್ಟರು ಈ ತಪ್ಪು ಮಾಡಲಾರರು. ಪರದೆಯನ್ನಷ್ಟೇ ಬಲ್ಲವನು ಮಾಡದೆ ಇರಲಾರನು.

*

ಶನಿವಾರ ಬೆಳಿಗ್ಗೆ ರಮಾಕಾಂತ ಒಳಗೆ ಇಣುಕಿದ. "ಮೇಡಂ, ಡಾಕ್ಟರ್ ಆಲೇತ, ಬಂದಿದ್ದಾರೆ. ವಕೀಲರನ್ನೂ ತಂದಿದ್ದಾರೆ."

ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಕೂತ ಕೂಡಲೇ ಹೇಳಿದರು: "ಆ ಉತ್ತರ ನಾನೇ ಕಳಿಸಿದ್ದು. ನನ್ನ ಮೊಬೈಲಿನಿಂದ. ಆ ದಿನ ಮಗನನ್ನು ನೋಡ್ಲಿಕ್ಕೆ ಐರೋಲಿಗೆ ಹೋಗಿದ್ದೆ. ಗಡಿಬಿಡಿಯಲ್ಲಿ ತಪ್ಪಾಯಿತು. ಬರೆದುಕೊಳ್ಳಿ."

ವಕೀಲರು ಕೆಮ್ಮಿದರು. "ವೈದ್ಯರ ಅಜಾಗರೂಕತೆ, ಮೇಡಂ. ಕಾನೂನಿನಲ್ಲಿ ಅದಕ್ಕೆ ಬೇರೆಯೇ ಅಳತೆ ಇದೆಯಲ್ಲ."

ಇತ್ತು. ನೋಂದಾಯಿತ ವೈದ್ಯನ ತಪ್ಪಿಗೆ ಶಿಕ್ಷೆ ಕಡಿಮೆ. ವೈದ್ಯನಲ್ಲದವನು ವೈದ್ಯನ ಹೆಸರಿನಲ್ಲಿ ಮಾತ್ರೆ ಬರೆದರೆ ಹೆಚ್ಚು, ಮೇಲೆ ವಂಚನೆಯ ಕಲಮು. ಪ್ರಣೀತಾ ಪೆನ್ನು ಕೈಗೆತ್ತಿಕೊಂಡಳು. ಈ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿದರೆ ಇವತ್ತೇ ವಿನೋದಾಳ ಹೆಸರಿನ ಮೇಲಿನ ಮಸಿ ಒರೆಸಿಹೋಗುತ್ತಿತ್ತು. ಬೊಜ್ಜಕ್ಕೆ ಇನ್ನೂ ದಿನಗಳಿದ್ದವು. ಎಷ್ಟು ಸುಲಭವೆನಿಸಿತೆಂದರೆ ಅವಳಿಗೇ ಭಯವಾಯಿತು.

"ಸರಿ," ಎಂದಳು. "ಮೊದಲಿನಿಂದ ಹೇಳಿ. ಸಂದೇಶ ತೆರೆದಿರಿ. ಯಾರ ಹೆಸರಿತ್ತು?"

"ವಿನೋದಾಂದು."

"ಏನು ತೊಂದರೆ?"

"ಮೊಣಗಂಟು ನೋವು."

"ಯಾರ ಮೊಣಗಂಟು ಅಂದುಕೊಂಡಿರಿ?"

"ಯಾರದ್ದು ಅಂದ್ರೆ? ವಿನೋದಾನ ಮೊಣಗಂಟಿಗೆ ಎಂತ ಆಗಿದೆ, ಕಲ್ಲಿನ ಹಾಗುಂಟು. ಆ ಫೋನಿನಿಂದ ಬರುವುದೆಲ್ಲ ಮುಂಡಪ್ಪನ..."

ವಕೀಲರು ಅವರ ತೋಳು ಹಿಡಿದರು. ತಡವಾಗಿತ್ತು.

ಪ್ರಣೀತಾ ದನಿ ಏರಿಸಲಿಲ್ಲ. "ಅಂದರೆ ಮುಂಡಪ್ಪನಿಗೆ ಅಂತ ಗೊತ್ತಿತ್ತು. ಅವರ ಮೂತ್ರಪಿಂಡ ಹಾಳಾಗಿದೆ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಈ ಮಾತ್ರೆ ಕೊಟ್ಟಿರಿ. ಹೌದು ಅನ್ನಿ ಡಾಕ್ಟರೇ, ಹಾಗೇ ಬರೆಯುತ್ತೇನೆ. ಆಮೇಲೆ ಅದು ಅಜಾಗರೂಕತೆ ಆಗುವುದಿಲ್ಲ."

ಅವರು ಮೇಜಿನ ಮೇಲಿದ್ದ ತಮ್ಮ ಕೈಯನ್ನು ನೋಡಿಕೊಂಡರು.

"ಅಲ್ಲ, ವಿನೋದಾಳದೇ ನೋವು ಅಂದುಕೊಂಡೆ ಅಂತ ಬರೆಯಿರಿ," ಎಂದರು ವಕೀಲರು ಅವಸರದಿಂದ.

"ಅವರು ಹೇಳಲಿ."

ಹೊರಗೆ ಯಾರೋ ಕಳೆದುಹೋದ ಬ್ಯಾಗಿಗಾಗಿ ಮರಾಠಿಯಲ್ಲಿ ಜಗಳವಾಡುತ್ತಿದ್ದರು.

"ಮುಂಡಪ್ಪನಿಗೆ ನಾನು ಅದನ್ನು ಕೊಡ್ಲಿಕ್ಕೆ ಸಾಧ್ಯವೇ ಇಲ್ಲ," ಎಂದರು ಡಾಕ್ಟರು ಕೊನೆಗೆ. "ಬೇರೆ ಯಾವ ಸುಳ್ಳು ಬೇಕಾದ್ರೂ ಹೇಳ್ತೇನೆ ಅಂತ ಮನೆಯಿಂದ ಹೊರಟದ್ದು. ಇದೊಂದು ಬಾಯಿಗೆ ಬರುವುದಿಲ್ಲ." ಅವರು ಎದ್ದರು. "ನನ್ನ ಮಗನಿಗೆ ಹೊಡೀಬೇಡಿ. ಹೊಡೆಯುವ ಅಗತ್ಯ ಬೀಳ್ಲಿಕ್ಕಿಲ್ಲ. ಸಣ್ಣವನಿರುವಾಗಲೂ ನಾನು ದಿಟ್ಟಿಸಿ ನೋಡಿದ್ರೆ ಸಾಕಿತ್ತು."

*

ಐರೋಲಿ ನವಿ ಮುಂಬೈ ಪೊಲೀಸರ ಹದ್ದಿನದು. ಸೋಮವಾರ ಅಲ್ಲಿನ ಠಾಣೆಗೆ ತಿಳಿಸಿ, ಅವರ ಒಬ್ಬ ಕಾನ್‌ಸ್ಟೇಬಲನ್ನು ಜೊತೆಗಿಟ್ಟುಕೊಂಡು, ಪ್ರಣೀತಾ ಮತ್ತು ರಮಾಕಾಂತ ಮಧ್ಯಾಹ್ನದ ಹೊತ್ತಿಗೆ ಐಟಿ ಪಾರ್ಕಿನ ಗೇಟಿನಲ್ಲಿ ನಿಂತರು. ಕಶ್ಯಪ ಉಪಾಧ್ಯ ತಾನಾಗಿಯೇ ಕೆಳಗೆ ಬಂದ. ಕುತ್ತಿಗೆಯ ಗುರುತಿನ ಪಟ್ಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ. ಮೊಬೈಲ್ ಕೇಳಿದಾಗ ತನ್ನದನ್ನೂ ತಂದೆಯ ಹೆಸರಿನ ಸಿಮ್ ಇದ್ದದ್ದನ್ನೂ ಕೊಟ್ಟ. ಬಂಧನದ ಕಾರಣವನ್ನು ಓದಿ ಹೇಳುವಾಗ ಒಂದೇ ಮಾತು ಕೇಳಿದ: "ಪಪ್ಪಾಗೆ ಗೊತ್ತಾಯ್ತಾ?"

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

"ಪ್ರಶ್ನೆ ನೋಡಿ ಏನು ಮಾಡಿದೆ?"

"ಥರ್ಟಿಎಯ್ಟ್, ಫೀಮೇಲ್ ಅಂತ ಇತ್ತು. ಬೇರೆ ಕಾಯಿಲೆ ಕುಛ್ ನಹೀಂ. ಪಪ್ಪಾ ಅಂಥವರಿಗೆ ಮೊಣಗಂಟಿಗೆ ಇದನ್ನೇ ಕೊಡೋದು. ಹಳೇ ಉತ್ತರ ಕಾಪಿ ಮಾಡಿದೆ."

"ಅಪ್ಪನನ್ನು ಕೇಳಬಹುದಿತ್ತಲ್ಲ?"

"ಮಲಗಿದ್ರು. ಲೇಟ್ ಆದ್ರೆ ಆ್ಯಪ್‌ನಲ್ಲಿ ಹೆಸರು ಕೆಳಗೆ ಹೋಗ್ತದೆ."

ಬೇಗ ಉತ್ತರಿಸುವ ಡಾಕ್ಟರರ ಹೆಸರು ಮೇಲೆ, ತಡ ಮಾಡುವವರದು ಕೆಳಗೆ. ಕೆಳಗಿನವರನ್ನು ಯಾರೂ ನೋಡುವುದಿಲ್ಲ. ಗಣಪತಿ ಹಬ್ಬಕ್ಕೆ ಮುಂಚೆ ಒಂದು ಸಂಜೆ ಕಶ್ಯಪ ಕ್ಲಿನಿಕ್‌ಗೆ ಹೋಗಿದ್ದನಂತೆ. ಒಬ್ಬ ರೋಗಿಯೂ ಇರಲಿಲ್ಲ. ತಂದೆ ಹೊರಗಿನ ಬೆಂಚಿನಲ್ಲಿ ತಾವೇ ಕುಳಿತು ರಸ್ತೆ ನೋಡುತ್ತಿದ್ದರು. ಬಾಗಿಲಲ್ಲಿ ನೆರಳು ಕಂಡದ್ದೇ ಎದ್ದು ಒಳಗೆ ಓಡಿದರು. ಕಶ್ಯಪ ಒಳಗೆ ಹೋಗುವಾಗ ಬಿಳಿ ಕೋಟು ತೊಟ್ಟು, ಸ್ಟೆತಸ್ಕೋಪ್ ಹಾಕಿಕೊಂಡು, ಏನೋ ಓದುವವರಂತೆ ಕುಳಿತಿದ್ದರು. 'ಓ, ನೀನಾ' ಎಂದು ನಕ್ಕರಂತೆ.

"ಆ ನಗು ನನಗೆ ನೋಡ್ಲಿಕ್ಕೆ ಆಗ್ಲಿಲ್ಲ ಮ್ಯಾಡಮ್," ಎಂದ ಕಶ್ಯಪ. "ಶೀತ, ಜ್ವರ, ಸೊಂಟ ನೋವು, ಇಷ್ಟೇ ತಾನೇ ಅಂತ ನಾನೇ ಕೊಡ್ಲಿಕ್ಕೆ ಶುರು ಮಾಡಿದೆ. ಹೆಸರು ಮೇಲೆ ಬಂತು. ಜನ ಬಂದ್ರು. ಪಪ್ಪಾ ಮನೆಗೆ ಬಂದು ಹೇಳೋರು, ಇವತ್ತು ಊಟಕ್ಕೂ ಟೈಮ್ ಸಿಗ್ಲಿಲ್ಲ ಅಂತ."

"ಮುಂಡಪ್ಪ ತೀರಿಕೊಂಡದ್ದು ಯಾವಾಗ ಗೊತ್ತಾಯಿತು?"

"ಪಪ್ಪಾ ದಹನದಿಂದ ಬಂದಾಗ. ಸೊಸೆ ಏನೋ ಮಾತ್ರೆ ಕೊಟ್ಟಳಂತೆ ಅಂದ್ರು. ಆಗ ತೆಗೆದು ನೋಡಿದೆ."

"ಆ ಹೆಂಗಸನ್ನು ಎಲ್ಲರೂ ಕೊಲೆಗಾತಿ ಅನ್ನುತ್ತಿದ್ದಾಗ ಸುಮ್ಮನಿದ್ದೆ."

ಅವನು ತಲೆಯಾಡಿಸಿದ. "ಆ ವಾರ ಪಪ್ಪಾ ತುಂಬಾ ಖುಷಿಯಲ್ಲಿದ್ರು."

ಪ್ರಣೀತಾ ಅದನ್ನೂ ಅವನ ಮಾತಿನಲ್ಲೇ ಬರೆದಳು. ಆ ಫೋನಿನಿಂದ ಅವನು ಉತ್ತರ ಕೊಟ್ಟಿದ್ದ ಬೇರೆ ಜನರಿಗೆಲ್ಲ ತಿಳಿಸುವ ಕೆಲಸ ರಮಾಕಾಂತನ ಪಾಲಿಗೆ ಬಂತು. ಹೆಚ್ಚಿನವರು ಗುಣವಾಗಿದ್ದರು, ಹಾಗಾಗಿ ಅವನ ಮಾತನ್ನು ನಂಬಲಿಲ್ಲ. ಡಾಕ್ಟರ ಹೆಸರು ಕೆಡಿಸಲು ಫೋನ್ ಮಾಡಿದೆಯಾ ಎಂದು ಒಬ್ಬಾಕೆ ಬೈದಳು.

ಬೊಜ್ಜದ ಹಿಂದಿನ ದಿನ ಸುಗಂಧಿ ಪೂರಕ ಹೇಳಿಕೆ ಕೊಡಲು ಬಂದಳು. ಈ ಸಲ ಕೂತಳು. ಎಫ್‌ಐಆರ್‌ನಿಂದ ವಿನೋದಾಳ ಹೆಸರನ್ನು ಅಳಿಸಿಬಿಡಿ ಎಂದಳು.

"ಅಳಿಸಲಿಕ್ಕೆ ಬರುವುದಿಲ್ಲ. ಅವರು ಆರೋಪಿಯಲ್ಲ, ಸಾಕ್ಷಿ ಅಂತ ಆರೋಪಪಟ್ಟಿಯಲ್ಲಿ ಬರುತ್ತದೆ."

"ಹಾಗಾದ್ರೆ ನೀವೇ ಅವಳಿಗೊಂದು ಫೋನ್ ಮಾಡಿ ಹೇಳಿ ಮೇಡಂ. ನಿಮ್ಮ ಬಾಯಿಂದ ಕೇಳಿದ್ರೆ ಸಮಾಧಾನ ಆಗ್ತದೆ ಅವಳಿಗೆ."

"ನಾನು ಸೋಮವಾರವೇ ಹೇಳಿದ್ದೇನೆ," ಎಂದಳು ಪ್ರಣೀತಾ. "ಇನ್ನು ನಿಮ್ಮದೇ ಬಾಕಿ."

ಸುಗಂಧಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ ಮಯೂರನ ನಂಬರಿಗೆ ಫೋನ್ ಮಾಡಿ, ಅವಳಿಗೆ ಕೊಡು ಎಂದಳು. ಆ ಕಡೆ ಪಾತ್ರೆಗಳ ಸದ್ದು, ಆಮೇಲೆ ಸದ್ದು ನಿಂತದ್ದು, ಎರಡೂ ಕೇಳಿಸಿದವು. ವಿನೋದಾ ತವರಿಗೆ ಹೋಗಿರಲಿಲ್ಲ.

ಸುಗಂಧಿ ಗೋಡೆಯ ಕಡೆಗೆ ತಿರುಗಿಕೊಂಡಳು.

"ವಿನೋದಾ," ಎಂದಳು. "ನಿಂದು ಊಟ ಆಯ್ತಾ?"